ಅಷ್ಟಮುಡಿಯ ಮರುವಾಯಿ ಮೀನುಗಾರಿಕೆ

ಕೇರಳದ ಕೊಲ್ಲಂ ಜಿಲ್ಲೆಯ ಅಷ್ಟಮುಡಿ ಹಿನ್ನೀರಿನಲ್ಲಿ ನಡೆಯುವ ಮರುವಾಯಿ (ಎರಡು ಚಿಪ್ಪಿನ ಜೀವಿ) ಮೀನುಗಾರಿಕೆ, ಸಂಶೋಧನೆಯ ಬಲದಿಂದ ಕುಸಿತವನ್ನು ದಾಟಿ ಚೇತರಿಸಿಕೊಂಡ ಚಿಪ್ಪುಮೀನುಗಾರಿಕೆಗಳಲ್ಲಿ ಒಂದು. ಅಷ್ಟಮುಡಿ 2002ರಿಂದ ರಾಮ್ಸರ್ ಒಪ್ಪಂದದ ಪಟ್ಟಿಯಲ್ಲಿರುವ ಜೌಗುಪ್ರದೇಶ. ಇಲ್ಲಿ ಮುಖ್ಯವಾಗಿ ತೆಗೆಯುವುದು ಪಾಫಿಯಾ ಮಲಬಾರಿಕಾ ಎಂಬ ಪ್ರಭೇದವನ್ನು.

ನೀಂಡಕರದ ಅಳಿವೆಯಿಂದ ಉಬ್ಬರದ ಉಪ್ಪುನೀರು ನುಗ್ಗುವ ಮರಳುತಳವೇ ಈ ಮರುವಾಯಿಯ ನೆಲೆ. ಅದು ಮರಳಿನೊಳಗೆ ಹುದುಗಿಕೊಂಡು, ಕೊಳವೆಯಂಥ ಅಂಗದಿಂದ ನೀರೆಳೆದು, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ಹೀಗಾಗಿ ಮರುವಾಯಿ ದಟ್ಟವಾಗಿರುವಲ್ಲಿ ನೀರೂ ತಿಳಿಯಾಗುತ್ತದೆ. ಮರಿಗಳು ಮೊದಲು ನೀರಿನಲ್ಲಿ ತೇಲಾಡಿ, ಆಮೇಲೆ ತಳಕ್ಕಿಳಿದು ನೆಲೆಯೂರುತ್ತವೆ. ನೆಲೆಯೂರಿದ ಮೇಲೆ ದೂರ ಓಡಿಹೋಗಲಾರದ ಜೀವಿಯಾದ್ದರಿಂದ ಇದನ್ನು ಬಾಚಿ ಮುಗಿಸುವುದು ಸುಲಭ.

ಆದದ್ದೂ ಅದೇ. ಥಾಯ್ಲೆಂಡ್, ಮಲೇಷ್ಯಾ, ವಿಯೆಟ್ನಾಂಗಳಿಂದ ಬೇಡಿಕೆ ಬಂದು 1980ರ ದಶಕದ ಆರಂಭದಲ್ಲಿ ರಫ್ತು ವ್ಯಾಪಾರ ಕುದುರಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಇಳುವರಿ ವರ್ಷಕ್ಕೆ ಸುಮಾರು 10,000 ಟನ್‌ಗೆ ಏರಿತ್ತು. 1993ರಲ್ಲಿ ಅರ್ಧಕ್ಕೆ ಕುಸಿಯಿತು.

ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಬೆಳವಣಿಗೆ ಮತ್ತು ಸಂತಾನೋತ್ಪತ್ತಿಯ ಕುರಿತು ಕಲೆಹಾಕಿದ ಮಾಹಿತಿಯೇ ಮುಂದಿನ ನಿಯಮಗಳಿಗೆ ಬುನಾದಿಯಾಯಿತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮರುವಾಯಿ ತೆಗೆಯುವಂತಿಲ್ಲ. ಬಲೆಯ ಕಣ್ಣು ಕನಿಷ್ಠ 30 ಮಿ.ಮೀ. ಇರಬೇಕು, ಯಂತ್ರದಿಂದ ತಳ ಬಾಚುವುದಕ್ಕೆ ನಿಷೇಧವಿದೆ. ಎಲ್ಲಕ್ಕಿಂತ ಜಾಣತನದ್ದು ರಫ್ತಿನ ನಿಯಮ: ಒಂದು ಕಿಲೋ ಮಾಂಸದಲ್ಲಿ 1,400ಕ್ಕಿಂತ ಹೆಚ್ಚು ತುಂಡುಗಳಿರಬಾರದು. ಅಂದರೆ ಒಂದೊಂದು ತುಂಡೂ ಸರಾಸರಿ 0.7 ಗ್ರಾಂ ಆದರೂ ತೂಗಬೇಕು. ಎಳೆಯ ಮರುವಾಯಿಗೆ ಗಿರಾಕಿಯೇ ಇಲ್ಲವೆಂದಾದಾಗ ದೋಣಿ ದೋಣಿಗೂ ಕಾವಲು ಹಾಕುವ ಪ್ರಮೇಯ ಕಡಿಮೆಯಾಗುತ್ತದೆ. ಉದ್ದನೆಯ ಗಳಕ್ಕೆ ಕಬ್ಬಿಣದ ಚೌಕಟ್ಟನ್ನೂ ಬಲೆಚೀಲವನ್ನೂ ಕಟ್ಟಿ ಕೈಯಿಂದಲೇ ತಳ ಬಾಚುವ ಕ್ರಮ ಮುಂದುವರಿದಿದೆ. ಕಣ್ಣು ದೊಡ್ಡದಾದ್ದರಿಂದ ಸಣ್ಣವು ನೀರಿನಲ್ಲೇ ಜಾರಿ ಮರಳಿಗೆ ಬೀಳುತ್ತವೆ.

2014ರಲ್ಲಿ ಇದಕ್ಕೆ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಸುಸ್ಥಿರತೆಯ ಪ್ರಮಾಣಪತ್ರ ದೊರೆಯಿತು. ಭಾರತದ ಮೀನುಗಾರಿಕೆಯೊಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ಆದರೆ ಈ ನಿಯಮಗಳ ಹಿಡಿತವಿರುವುದು ಹಿಡಿಯುವವರ ಮೇಲೆ ಮಾತ್ರ. ಅಮೆರಿಕ ಖಂಡಗಳ ಕರಾವಳಿ ಮೂಲದ ಮೈಟೆಲ್ಲಾ ಸ್ಟ್ರೈಗೇಟಾ ಎಂಬ ನೀಲಿಕಲ್ಲಿನ ಜಾತಿಯ ಚಿಪ್ಪುಜೀವಿ ಇತ್ತೀಚಿನ ವರ್ಷಗಳಲ್ಲಿ ಕೇರಳದ ಹಿನ್ನೀರುಗಳಲ್ಲಿ ದಟ್ಟವಾಗಿ ಹಬ್ಬಿ, ಮರುವಾಯಿಯ ಜಾಗಕ್ಕೂ ಆಹಾರಕ್ಕೂ ಪೈಪೋಟಿ ಒಡ್ಡಿದೆ. ಮಾಲಿನ್ಯದ ಕಾಟವೂ ಇದೆ. ಇಳುವರಿ ಮತ್ತೆ ತಗ್ಗಿದ್ದರಿಂದ ಸಿಎಂಎಫ್‌ಆರ್‌ಐ ವಿಳಿಂಜಂನ ತನ್ನ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಅಷ್ಟಮುಡಿಗೆ ಬಿಟ್ಟಿದೆ.

ಕರ್ನಾಟಕದಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ಬಳಚು ಎಂಬ ಇಂಥದೇ ಚಿಪ್ಪುಜೀವಿಯನ್ನು ಆಯುವುದಕ್ಕೆ ಹೆಸರಾಗಿದ್ದು, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿ ಇಳಿತದ ಹೊತ್ತಿಗೆ ಕೈಯಿಂದ ಆಯುವ ಹೆಂಗಸರೂ ಬಹಳ. ಮಳೆಗಾಲದ ಸಿಹಿನೀರು ಎಷ್ಟು ದಿನ ನಿಲ್ಲುತ್ತದೆ, ಯಾವ ಪ್ರಭೇದ ಯಾವಾಗ ಮರಿ ಬಿಡುತ್ತದೆ ಎಂಬುದು ಅಳಿವೆಯಿಂದ ಅಳಿವೆಗೆ ಬೇರೆಯಾಗುವುದರಿಂದ ಅಷ್ಟಮುಡಿಯ ನಿಷೇಧದ ತಿಂಗಳುಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು.