ಯಂತ್ರವೂ ಉಪಾಧ್ಯಾಯರೂ

ಯಂತ್ರ ಬಂದರೆ ಉಪಾಧ್ಯಾಯರು ಬೇಡವಾಗುವರೇ ಎಂಬ ಪ್ರಶ್ನೆ ಕೃತಕ ಬುದ್ಧಿಮತ್ತೆಯೊಡನೆ ಹುಟ್ಟಿದ್ದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಿತ್ತರವಾದವು. ನಮ್ಮ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಆ ಯಂತ್ರ ಉಪಾಧ್ಯಾಯರನ್ನು ಮನೆಗೆ ಕಳುಹಿಸಲಿಲ್ಲ. ಅವರಿಗೇ ವಿಜ್ಞಾನಬೋಧನೆಯ ತರಬೇತಿ ನೀಡಿತು.

ತುಮರಿಯನ್ನು ನೆನೆಯೋಣ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಅದನ್ನು ಸಾಗರದಿಂದ ಬೇರ್ಪಡಿಸಿತು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಲಾಂಚೇ ಹತ್ತಿರದ ದಾರಿ. ಅಂಥಲ್ಲಿಗೆ ಪಾಠ ಆಕಾಶಮಾರ್ಗವಾಗಿ ಬರಬಹುದು. ಆದರೆ ಮಗು ಶಾಲೆಗೆ ಬಾರದ ದಿನ, ಏಕೆಂದು ವಿಚಾರಿಸಲು ಅದರ ಮನೆಯಂಗಳದವರೆಗೆ ನಡೆದುಹೋಗುವವರು ಬೇಕು. ಯಂತ್ರವನ್ನು ನಾನು ಸ್ವಾಗತಿಸುತ್ತೇನೆ. ಅದರ ನೆಪದಲ್ಲಿ ಉಪಾಧ್ಯಾಯರ ಹುದ್ದೆ ಖಾಲಿ ಉಳಿಯುವುದನ್ನು ಒಪ್ಪಲಾರೆ.