ಹಾವಿನ ಡಿಎನ್‌ಎಯಿಂದ ಜನಸಮುದಾಯಗಳ ಚರಿತ್ರೆಯವರೆಗೆ

ಮಾದಾಪುರದಲ್ಲಿ 1998ರಲ್ಲಿ ಐಟಿ ಸಂಕೀರ್ಣ ಸೈಬರ್ ಟವರ್ಸ್ ತೆರೆಯುವುದಕ್ಕೆ ಎರಡು ದಶಕ ಮೊದಲೇ ಹೈದರಾಬಾದಿನಲ್ಲಿ ಅಣುಜೀವವಿಜ್ಞಾನ ನೆಲೆಯೂರಿತ್ತು. 1977ರಲ್ಲಿ ಪಿ.ಎಂ. ಭಾರ್ಗವ ಅವರ ಮುಂದಾಳತ್ವದಲ್ಲಿ ಆರಂಭವಾದ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರವೇ (ಸಿಸಿಎಂಬಿ) ಅದರ ಮನೆ.

ಇಲ್ಲಿ ದುಡಿದ ವಿಜ್ಞಾನಿಗಳ ಪ್ರಕಟಣೆಗಳಲ್ಲಿ ಲಾಲ್‌ಜಿ ಸಿಂಗ್ (1947–2017) ಅವರವು ಎದ್ದು ಕಾಣುತ್ತವೆ. ಎಡಿನ್‌ಬರೋದಲ್ಲಿದ್ದಾಗ, 1980ರಲ್ಲಿ, ಸಹೋದ್ಯೋಗಿಗಳೊಂದಿಗೆ ಅವರು ‘ಕ್ರೋಮೋಸೋಮಾ’ ಪತ್ರಿಕೆಯಲ್ಲಿ ಹಾವುಗಳ ಲಿಂಗ ವರ್ಣತಂತುವಿನಲ್ಲಿ ಪುನರಾವರ್ತಿಸುವ ಡಿಎನ್‌ಎಯನ್ನು ವಿವರಿಸಿದರು. ಕಟ್ಟುಹಾವಿನ ಈ ‘ಬಿಕೆಎಂ’ ಡಿಎನ್‌ಎ, 1987ರಲ್ಲಿ ಅವರು ಸಿಸಿಎಂಬಿ ಸೇರಿದ ಬಳಿಕ, ಭಾರತದಲ್ಲಿ ಡಿಎನ್‌ಎ ಬೆರಳಚ್ಚಿಗೆ ಸಾಧನವಾಯಿತು. ಪಿತೃತ್ವದ ವ್ಯಾಜ್ಯ, ಅಪರಾಧ ತನಿಖೆಗಳಲ್ಲಿ ಅದು ಸಾಕ್ಷ್ಯವಾಯಿತು. ಆ ಪ್ರಭಾವ ಯಾವ ಉಲ್ಲೇಖಪಟ್ಟಿಗೂ ಸಿಗುವುದಿಲ್ಲ.

ಮುಂದೆ ಸಿಂಗ್ ಜನಸಮುದಾಯಗಳ ಚರಿತ್ರೆಯತ್ತ ಹೊರಳಿದರು. ಅಂಡಮಾನಿನ ಮೂಲನಿವಾಸಿಗಳ ಬಗೆಗೆ ಅವರು ಸಹಲೇಖಕರಾಗಿದ್ದ ಅಧ್ಯಯನವನ್ನು 2005ರಲ್ಲಿ ‘ಸೈನ್ಸ್’ ಪ್ರಕಟಿಸಿತು. ಹಾರ್ವರ್ಡ್‌ನ ಡೇವಿಡ್ ರೈಕ್, ಸಿಸಿಎಂಬಿಯ ಕೆ. ತಂಗರಾಜ್ ಮೊದಲಾದವರೊಂದಿಗೆ ಸಿಂಗ್ 2009ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಲೇಖನ 25 ಸಮುದಾಯಗಳ 132 ಜನರ ಡಿಎನ್‌ಎ ಪರಿಶೀಲಿಸಿ, ಹೆಚ್ಚಿನ ಭಾರತೀಯರು ಎರಡು ಪ್ರಾಚೀನ ಜನಸಮೂಹಗಳ ಬೆರಕೆ ಎಂದಿತು. ಜನಸಂಖ್ಯಾ ತಳಿಶಾಸ್ತ್ರದಲ್ಲಿ ಇದು ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ.

ಇಂಥ ಎಣಿಕೆಗೆ ತಳಪಾಯ ಹಾಕಿದ್ದು 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸಂಶೋಧಕರ ಪ್ರಭಾವ ಅಳೆಯಲು ಎಚ್-ಸೂಚ್ಯಂಕ ಸೂಚಿಸಿದರು: ತಲಾ ಕನಿಷ್ಠ 20 ಉಲ್ಲೇಖ ಪಡೆದ 20 ಲೇಖನಗಳಿದ್ದರೆ ಸೂಚ್ಯಂಕ 20. ಆದರೆ ಹತ್ತಾರು ಸಹಲೇಖಕರಲ್ಲಿ ಯಾರ ಪಾಲೆಷ್ಟು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಭಿನ್ನ ಕ್ಷೇತ್ರಗಳ ಹೋಲಿಕೆಗೂ ಅದು ಒದಗದು.