ಗ್ರಂಥಪಾಲಕನ ಸಂಶೋಧನೆ: ಅರ್ಥಶಾಸ್ತ್ರದ ಪ್ರಕಟಣೆ

ಕೌಟಿಲ್ಯನ ಅರ್ಥಶಾಸ್ತ್ರವು ಆಕಸ್ಮಿಕವಾಗಿ ದೊರೆಯಿತೆಂಬ ಮಾತು ವಾಡಿಕೆಯಲ್ಲಿದೆ. ಇದು ಅರ್ಧಸತ್ಯ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಆ ಓಲೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂದೊಪ್ಪಿಸಿದುದು ದೈವಯೋಗವಿರಬಹುದು. ಗ್ರಂಥಲಿಪಿಯಲ್ಲಿದ್ದ ಅದನ್ನು ಓದಿ ಅದರ ಬೆಲೆಯನ್ನರಿತುದು ದೈವಯೋಗವಲ್ಲ. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. 1905ರಿಂದ ಅನುವಾದದ ಭಾಗಗಳನ್ನು ಪ್ರಕಟಿಸತೊಡಗಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಇಷ್ಟಕ್ಕೆ ಪಾಂಡಿತ್ಯವೊಂದೇ ಸಾಲುತ್ತಿತ್ತೆ? ಸಾಲದೆಂದೇ ನಮ್ಮ ಅಭಿಪ್ರಾಯ. 1891ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ಪ್ರತಿಗಳ ಸಂಗ್ರಹಣದಂತೆಯೇ ಸಂಪಾದನೆ, ಪ್ರಕಟಣೆಗಳೂ ವಿಹಿತ ಕಾರ್ಯಗಳಾಗಿದ್ದವು. ಸ್ವಂತ ಗ್ರಂಥಮಾಲೆಯೂ ಇದ್ದಿತು. ಓದುವುದು ಅಲ್ಲಿ ಗ್ರಂಥಪಾಲಕನ ಬಿಡುವಿನ ಹವ್ಯಾಸವಾಗಿರದೆ ಉದ್ಯೋಗವೇ ಆಗಿದ್ದಿತು. ಅನುವಾದ ಹೊರಬಂದ ಮರುವರ್ಷವೇ, 1916ರಲ್ಲಿ, ಆ ಪುಸ್ತಕಾಲಯವು ನೂತನ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು.